ಮಿಲಿಟರಿ ಇಂಟೆಲಿಜೆನ್ಸ್ ಬಿಟ್ಟು ಕೋಲಾರಕ್ಕೆ ಬಂದಿದ್ದೇನೆ. ನಾನು ಮಾಡ್ತಿದ್ದ ಕೆಲಸಕ್ಕೆ ಹೊರಗೆ ಏನಂತಾರೆ?

ಪಾಲಾರ್ ದಂಡೆ

ಎಲ್ಲರಿಗೂ ನಮಸ್ಕಾರ. ನಮ್ಮೂರು ಬೇತಮಂಗಲದ ಹತ್ತಿರ. ಸೇನೆಯಲ್ಲಿ 24 ವರ್ಷ ಇದ್ದೆ. ಮೊದಲು ಕೆಲವು ವರ್ಷ ಬೇರೆ ಕಡೆ, ಆಮೇಲೆ ಪುಣೆಯಲ್ಲಿ ತರಬೇತಿ ಮುಗಿಸಿಕೊಂಡು ಸೇನೆಯ ಗುಪ್ತಚರ ದಳವಾದ ಇಂಟೆಲಿಜೆನ್ಸ್ ಕೋರ್‌ಗೆ ಬಂದೆ. ಹವಾಲ್ದಾರ್ ಆಗಿ ಪಿಂಚಣಿ ಮೇಲೆ ಬಂದು ಎಂಟು ತಿಂಗಳಾಯ್ತು. ವಯಸ್ಸು 43.

ಪಿಂಚಣಿ ಬರುತ್ತೆ, ಊಟಕ್ಕೆ ತೊಂದರೆ ಇಲ್ಲ. ಆದರೆ ಮಗಳು ಎರಡನೇ ಪಿಯುಸಿ, ಮಗ ಎಂಟನೇ ಕ್ಲಾಸು. ಅಪ್ಪನ ಎರಡು ಎಕರೆಯಲ್ಲಿದ್ದ ಬೋರ್‌ವೆಲ್ ಬತ್ತಿದೆ. ಇನ್ನೂ ಹದಿನೈದು ವರ್ಷ ದುಡಿಯುವ ಶಕ್ತಿ ಇದೆ, ದುಡಿಯಲೇಬೇಕು.

ಇಲ್ಲಿಯವರೆಗೆ ಎರಡು ಕಡೆ ಹೋಗಿ ಬಂದೆ. ಮೊದಲನೆಯದು ಸೆಕ್ಯೂರಿಟಿ ಏಜೆನ್ಸಿ. ಮಾಜಿ ಸೈನಿಕ ಅಂದ ತಕ್ಷಣ ಕಾರ್ಖಾನೆ ಗೇಟಿಗೆ ಸೂಪರ್‌ವೈಸರ್ ಆಗಿ ನಾಳೆಯಿಂದಲೇ ಬನ್ನಿ ಅಂದರು. ಆ ಕೆಲಸವನ್ನು ನಾನು ಕೀಳಾಗಿ ಕಾಣೋದಿಲ್ಲ, ನನ್ನ ಜೊತೆಯವರು ಎಷ್ಟೋ ಜನ ಮರ್ಯಾದೆಯಿಂದ ಮಾಡ್ತಿದ್ದಾರೆ. ಆದರೆ ನಾನು ಕಲಿತದ್ದು ಅದಲ್ಲ. ಎರಡನೆಯದು ಬೆಂಗಳೂರಿನ ಒಂದು ಕಂಪನಿ. ಎದುರಿಗೆ ಕೂತವರು ಕೇಳಿದರು, "ಇಷ್ಟು ವರ್ಷ ಏನು ಮಾಡ್ತಿದ್ರಿ?" ಮಾಹಿತಿ ಸಂಗ್ರಹ, ವರದಿ ಅಂದೆ. "ಅಂದ್ರೆ ಗುಮಾಸ್ತೆ ಕೆಲಸಾನಾ?" ಅಲ್ಲ ಸರ್ ಅಂದೆ. "ಮತ್ತೆ ಯಾವ ವಿಷಯದ ಮಾಹಿತಿ, ಎಲ್ಲಿ?" ಅದನ್ನು ಹೇಳೋ ಹಾಗಿಲ್ಲ ಸರ್ ಅಂದೆ. ಅವರು ಪೆನ್ನು ಕೆಳಗಿಟ್ಟು, "ಹೇಳೋಕೇ ಆಗದ ಅನುಭವಕ್ಕೆ ನಾನು ಬೆಲೆ ಹೇಗೆ ಕಟ್ಟಲಿ?" ಅಂದರು.

ಸಿಟ್ಟಿನಲ್ಲಿ ಹೇಳಿದ ಮಾತಲ್ಲ ಅದು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಅದಕ್ಕೇ ಮನಸ್ಸಿಗೆ ಹತ್ತಿದೆ. ಈ ದಾರಿಯಲ್ಲಿ ಹೋದವರು ಯಾರಾದರೂ ಇದ್ದರೆ ಹೇಳಿ. ನಮ್ಮ ಕೆಲಸಕ್ಕೆ ಹೊರಗೆ ಏನಂತಾರೆ? ಎಷ್ಟು ಹೇಳಬಹುದು?

ಬಂಗಾರಪೇಟೆ ಸಿಗ್ನಲ್ಸ್

ಅಣ್ಣಾ, ನಾನು ಸೇನೆಯ ಸಂಪರ್ಕ ವಿಭಾಗ ಸಿಗ್ನಲ್ಸ್‌ನಲ್ಲಿ 22 ವರ್ಷ ಇದ್ದು ಬಂದವನು. ಈಗ ವೈಟ್‌ಫೀಲ್ಡ್ ಕಡೆ ಒಂದು ಕಂಪನಿಯ ಸೆಕ್ಯೂರಿಟಿ ಆಪರೇಷನ್ಸ್ ಸೆಂಟರ್‌ನಲ್ಲಿದ್ದೀನಿ. ಎಸ್‌ಒಸಿ, ಬಾಯಲ್ಲಿ "ಸಾಕ್" ಅಂತಾರೆ. ಗೇಟ್ ಕಾಯೋ ಸೆಕ್ಯೂರಿಟಿ ಅಲ್ಲ, ಕಂಪ್ಯೂಟರ್ ಜಾಲ ಕಾಯೋದು.

ಸಾವಿರಾರು ಕಂಪ್ಯೂಟರು, ಸರ್ವರ್‌ಗಳ ಲಾಗ್, ಅಂದ್ರೆ ಅಲ್ಲಿ ನಡೆದದ್ದರ ದಾಖಲೆ, ಎಲ್ಲಾ ಒಂದು ಕಡೆ ಸೇರಿ, ಅನುಮಾನ ಬಂದದ್ದು ಅಲರ್ಟ್ ಆಗಿ ನಮ್ಮ ಪರದೆಗೆ ಬರುತ್ತೆ. ನೂರರಲ್ಲಿ ಬಹುಪಾಲು ಸುಳ್ಳು ಎಚ್ಚರಿಕೆಗಳೇ. ಯಾವುದು ನಿಜ ಅಂತ ಬೇರ್ಪಡಿಸೋದೇ ಕೆಲಸ. ನನ್ನ ಮೊದಲ ವಾರ, ರಾತ್ರಿ ಪಾಳಿ. ಬೆಂಗಳೂರಿನ ಒಬ್ಬ ಉದ್ಯೋಗಿಯ ಖಾತೆ ಬೇರೆ ದೇಶದಿಂದ ಲಾಗಿನ್ ಆಯ್ತು. ಎದ್ದು ನಿಂತೆ, ಎಲ್ಲರನ್ನೂ ಎಬ್ಬಿಸಬೇಕು ಅಂದುಕೊಂಡೆ. ನಮ್ಮ ಶಿಫ್ಟ್ ಲೀಡ್ ಹುಡುಗ ಸಮಾಧಾನವಾಗಿ, "ಪ್ರವಾಸದ ಪಟ್ಟಿ ನೋಡಿದ್ರಾ ಸರ್?" ಅಂದ. ಆ ಮನುಷ್ಯ ಎರಡು ದಿನದ ಹಿಂದೆಯೇ ಕಂಪನಿ ಕೆಲಸದ ಮೇಲೆ ಆ ದೇಶಕ್ಕೆ ಹೋಗಿದ್ದರು. ಅದೇ ರಾತ್ರಿ ಇನ್ನೊಂದು ಸಣ್ಣ ಅಲರ್ಟ್ ಇತ್ತು. ಬ್ಯಾಕಪ್‌ಗೆ ಅಂತ ಇಟ್ಟ ಖಾತೆ, ದಿನಾ ಹನ್ನೊಂದಕ್ಕೆ ಒಂದೇ ಸರ್ವರ್‌ಗೆ ಹೋಗಿ ಬರೋದು, ಅವತ್ತು ಮೂರು ಗಂಟೆಗೆ ಎಂಟು ಸರ್ವರ್ ಬಾಗಿಲು ತಟ್ಟಿತ್ತು. ಬಣ್ಣ ಕೆಂಪಿರಲಿಲ್ಲ, ಹಳದಿ. ನಿಜವಾದ ಕಳ್ಳ ಅದೇ.

ಆವತ್ತು ನನಗೆ ಧೈರ್ಯ ಬಂತು. ಮಾಮೂಲಿ ಯಾವುದು, ಮಾಮೂಲಿ ತಪ್ಪಿದ್ದು ಯಾವುದು ಅಂತ ನೋಡೋದನ್ನೇ ತಾನೇ ನಾವು ಇಷ್ಟು ವರ್ಷ ಮಾಡಿದ್ದು. ಈ ಕ್ಷೇತ್ರದ ಮಾತುಗಳೂ ನಮ್ಮವೇ. ದಾಳಿ ಹಂತ ಹಂತವಾಗಿ ಹೇಗೆ ನಡೆಯುತ್ತೆ ಅನ್ನೋದಕ್ಕೆ ಇಲ್ಲಿ "ಕಿಲ್ ಚೈನ್" ಅಂತಾರೆ. 2011ರಲ್ಲಿ ಅಮೆರಿಕದ ರಕ್ಷಣಾ ಕಂಪನಿ ಲಾಕ್‌ಹೀಡ್ ಮಾರ್ಟಿನ್‌ನವರು ಸೇನೆಯ ಪದವನ್ನೇ ತಂದು ಕಂಪ್ಯೂಟರ್ ದಾಳಿಗೆ ಹೊಂದಿಸಿದ್ದು. ಇನ್ನೊಂದು: 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ಸೈಬರ್ ಘಟನೆ ಗೊತ್ತಾದ 6 ಗಂಟೆಯೊಳಗೆ ವರದಿ ಕೊಡಬೇಕು, ಲಾಗ್‌ಗಳನ್ನು 180 ದಿನ ಕಾಪಾಡಬೇಕು. ಆ ಆರು ಗಂಟೆಯಲ್ಲಿ ಗೊತ್ತಿರೋದು ಇಷ್ಟು, ಗೊತ್ತಿಲ್ಲದ್ದು ಇಷ್ಟು ಅಂತ ಹತ್ತು ಸಾಲಿನಲ್ಲಿ ಬರೆಯೋರು ಬೇಕು. ಬಿ.ಇ. ಓದಿದ ಹುಡುಗರು ಅಲ್ಲಿ ತಡವರಿಸ್ತಾರೆ. ನೀವು ತಡವರಿಸೋಲ್ಲ.

ಆದರೆ ಮುಚ್ಚಿಡದೆ ಹೇಳ್ತೀನಿ, ನೆಟ್‌ವರ್ಕಿಂಗ್ ಪಾಠ ಅಡಿಪಾಯದಿಂದ ಕಲಿಯಲೇಬೇಕು. ನಾನು ಎಂಟು ತಿಂಗಳು ದಿನಕ್ಕೆ ನಾಲ್ಕು ಗಂಟೆ ಕೂತೆ. ನಾನು ಸಿಗ್ನಲ್ಸ್‌ನವನಾಗಿ ಅಷ್ಟು ಬೇಕಾಯ್ತು, ನಿಮಗೆ ಇನ್ನೂ ಜಾಸ್ತಿ ಬೇಕಾದೀತು. ಆಮೇಲೆ ಎಲ್1 ಅಂತ ತಳದ ಮೆಟ್ಟಿಲಿಂದ ಶುರು, ಪಾಳಿ ಮೇಲೆ ಪಾಳಿ. ಮನೆಯವರಿಗೆ ಮೊದಲೇ ಹೇಳಿ.

ಕ್ಲಾಕ್ ಟವರ್ ಕೋಲಾರ

ಅದೆಲ್ಲ ಆಮೇಲೆ. ಮೊದಲು ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಿ ಸರ್. ಕೇಂದ್ರದ ಗ್ರೂಪ್ ಸಿ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ ಶೇ. 10, ಸರ್ಕಾರಿ ಬ್ಯಾಂಕುಗಳ ಕ್ಲರ್ಕ್ ಹುದ್ದೆಗಳಲ್ಲಿ ಶೇ. 14.5 ಮೀಸಲು. ಅಂಗವಿಕಲರಾದ ಮಾಜಿ ಸೈನಿಕರು, ಹುತಾತ್ಮರ ಮನೆಯವರು ಇದರಲ್ಲೇ ಸೇರುತ್ತಾರೆ. ವಯಸ್ಸಿನಲ್ಲಿ ಸೇವೆ ಮಾಡಿದ ವರ್ಷ ಕಳೆದು, ಮೇಲೆ ಇನ್ನೂ 3 ವರ್ಷ ರಿಯಾಯಿತಿ ಇದೆ. ಡಿಗ್ರಿ ಇಲ್ಲದಿದ್ದರೂ 15 ವರ್ಷ ಸೇವೆ ಮತ್ತು ಸೇನೆಯ ಸ್ಪೆಷಲ್ ಸರ್ಟಿಫಿಕೇಟ್ ಆಫ್ ಎಜುಕೇಶನ್ ಇದ್ದರೆ ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೆ ಕೂರಬಹುದು. ರಾಜ್ಯದ ನೇಮಕಾತಿಯಲ್ಲೂ ಮಾಜಿ ಸೈನಿಕರ ಕಾಲಂ ಇರುತ್ತೆ. ಎಷ್ಟೋ ಸಲ ಆ ಜಾಗಗಳು ತುಂಬದೆ ಉಳಿಯುತ್ತವೆ, ನೋಡಿದರೆ ಹೊಟ್ಟೆ ಉರಿಯುತ್ತೆ.

ಒಂದು ಎಚ್ಚರಿಕೆ. ಕೇಂದ್ರದ ನಿಯಮದಲ್ಲಿ ಒಮ್ಮೆ ಸಿವಿಲ್ ಹುದ್ದೆಗೆ ಸೇರಿದರೆ ಮೀಸಲಾತಿಯ ಸೌಲಭ್ಯ ಅಲ್ಲಿಗೆ ಮುಗಿಯಿತು. ಆದರೆ ಸೇರುವ ಮುಂಚೆ ಬೇರೆ ಯಾವ ಯಾವ ಹುದ್ದೆಗೆ ಅರ್ಜಿ ಹಾಕಿದ್ದೀರಿ ಅಂತ ತಾರೀಖಿನ ಸಮೇತ ಬರೆದು ಕೊಟ್ಟರೆ, ಆ ಹುದ್ದೆಗಳಿಗೆ ಮಾತ್ರ ಸೌಲಭ್ಯ ಉಳಿಯುತ್ತೆ. ಇದು 2014ರ ಆದೇಶ. ಆ ಒಂದು ಕಾಗದ ಕೊಡದೆ ನಮ್ಮ ಚಿಕ್ಕಪ್ಪ ಒಳ್ಳೆ ಹುದ್ದೆ ಕಳೆದುಕೊಂಡರು.

ಪಾಲಾರ್ ದಂಡೆ

ಕ್ಲಾಕ್ ಟವರ್ ಅವರೇ, ಆ ಕಾಗದದ ವಿಷಯ ಗೊತ್ತೇ ಇರಲಿಲ್ಲ. ಬಹಳ ಉಪಕಾರವಾಯ್ತು. ಬ್ಯಾಂಕ್ ಪರೀಕ್ಷೆಗೆ ಅರ್ಜಿ ಹಾಕ್ತೀನಿ. ಆದರೆ ಮನಸ್ಸಿನಲ್ಲಿ ಇರೋದನ್ನು ಹೇಳಿಬಿಡ್ತೀನಿ, ನನಗೆ ನನ್ನ ಕಸುಬು ಬಿಡೋಕೆ ಇಷ್ಟವಿಲ್ಲ.

ಅಂತರಗಂಗೆ ಮೆಟ್ಟಿಲು

ನಾನು ನಿಮ್ಮ ದಾರಿಯಲ್ಲೇ ಬಂದವನು, ನಿಮಗಿಂತ ಆರು ವರ್ಷ ಮುಂಚೆ. ಈಗ ಒಂದು ಬ್ಯಾಂಕಿಗೆ ಕೆಲಸ ಮಾಡಿಕೊಡುವ ಕಚೇರಿಯಲ್ಲಿ ಅಕ್ರಮ ಹಣ ವರ್ಗಾವಣೆ ಪತ್ತೆಯ ವಿಭಾಗದಲ್ಲಿದ್ದೇನೆ. ಎಎಂಎಲ್ ಅನಲಿಸ್ಟ್ ಅಂತ ಹುದ್ದೆಯ ಹೆಸರು. ನಿಮ್ಮ ಪ್ರಶ್ನೆಗೆ ನೇರ ಉತ್ತರ: ನಮ್ಮ ಕೆಲಸಕ್ಕೆ ಹೊರಗೆ "ಅನಾಲಿಸಿಸ್" ಅಂತಾರೆ. ಬೇಹುಗಾರಿಕೆ ಅನ್ನೋ ಮಾತನ್ನು ಮರೆತುಬಿಡಿ. ನೀವು ಗುಟ್ಟುಗಳನ್ನು ಮಾರೋಕೆ ಬಂದಿಲ್ಲ. ಯಾವ ಸುದ್ದಿಗೆ ಎಷ್ಟು ತೂಕ ಅಂತ ಹೇಳೋ ಅಭ್ಯಾಸ ನಿಮ್ಮ ಹತ್ತಿರ ಇದೆ. ಹೊರಗೆ ಅದಕ್ಕೆ ಸಂಬಳ ಇದೆ.

ನೆನಪಿದೆಯಲ್ಲ, ಮೂಲಕ್ಕೆ ಒಂದು ಅಕ್ಷರ, ಸುದ್ದಿಗೆ ಒಂದು ಅಂಕಿ. ಮೂಲ ಎಷ್ಟು ನಂಬಿಕಸ್ಥ ಅನ್ನೋದಕ್ಕೆ ಎ ಇಂದ ಎಫ್, ಸುದ್ದಿ ಎಷ್ಟು ನಿಜವಿರಬಹುದು ಅನ್ನೋದಕ್ಕೆ 1ರಿಂದ 6. ಇದೇನೂ ಗುಟ್ಟಲ್ಲ. ಬ್ರಿಟಿಷ್ ನೌಕಾಪಡೆಯಲ್ಲಿ ಶುರುವಾದ ಪದ್ಧತಿ, ಹೊರಗಿನ ಪೊಲೀಸರೂ ಸೈಬರ್‌ನವರೂ ಬಳಸ್ತಾರೆ. ಅದರ ಜೀವಾಳ ಏನು ಅಂದರೆ, ಎರಡನ್ನೂ ಬೇರೆ ಬೇರೆ ಇಡೋದು. ಒಳ್ಳೆ ಮನುಷ್ಯ ಹೇಳಿದ ಅಂತ ಸುದ್ದಿ ನಿಜ ಆಗೋಲ್ಲ, ಸುಳ್ಳುಗಾರ ಹೇಳಿದ ಅಂತ ಸುಳ್ಳೂ ಆಗೋಲ್ಲ. ಈ ಒಂದು ಪಾಠವನ್ನು ಹೊರಗಿನ ಕಚೇರಿಗಳಲ್ಲಿ ತಿಂಗಳುಗಟ್ಟಲೆ ಕಲಿಸ್ತಾರೆ.

ನನ್ನ ಮೇಜಿನ ಮೇಲೆ ನಡೆದದ್ದನ್ನೇ ಹೇಳ್ತೀನಿ. ಯಾರ ಗುರುತೂ ಸಿಗದ ಹಾಗೆ ಬದಲಿಸಿ ಬರೀತಿದ್ದೀನಿ. 2023ರ ಜುಲೈ. ನಮ್ಮ ಕಡೆಯ ಒಂದು ಖಾತೆಗೆ ಮೂರು ವಾರದಲ್ಲಿ ಹಿಂದಿನ ಇಡೀ ವರ್ಷಕ್ಕಿಂತ ಜಾಸ್ತಿ ಹಣ ಬಂದಿತ್ತು. ವ್ಯವಸ್ಥೆ ಕೆಂಪು ಬಾವುಟ ಎತ್ತಿತು. ಪಕ್ಕದ ಸೀಟಿನ ಹುಡುಗಿ, ಓದಿದವಳು, ಜಾಣೆ, ಉತ್ತರದ ಕಡೆಯವಳು, ಅನುಮಾನಾಸ್ಪದ ಅಂತ ಬರೆಯೋಕೆ ಕೂತಳು. ನಾನು ತಡೆದೆ. ಆ ತಿಂಗಳು ಕೋಲಾರದ ಮಾರುಕಟ್ಟೆಯಲ್ಲಿ ಹದಿನೈದು ಕೆಜಿಯ ಟೊಮೆಟೊ ಬಾಕ್ಸು 2000 ರೂಪಾಯಿ ದಾಟಿತ್ತು. ಹಣ ಬಂದದ್ದು ಮಂಡಿಯವರಿಂದ, ಹೋದದ್ದು ಗೊಬ್ಬರದಂಗಡಿಗೆ, ಡ್ರಿಪ್ ಪೈಪಿನವರಿಗೆ, ಹಳೇ ಬೆಳೆಸಾಲಕ್ಕೆ. ಅದು ರೈತನ ಖಾತೆ. ಎಷ್ಟೋ ವರ್ಷಕ್ಕೆ ಒಂದು ಸಲ ಅವನ ಬಾಳಿಗೆ ಬೆಳಕು ಬಂದಿತ್ತು.

ಅದೇ ವಾರ ಇನ್ನೊಂದು ಖಾತೆ. ಮೊತ್ತ ಸಣ್ಣದು, ಬಾವುಟವೂ ಎದ್ದಿರಲಿಲ್ಲ, ಬೇರೆ ಫೈಲಿನ ಜೊತೆ ಕಣ್ಣಿಗೆ ಬಿತ್ತು. ಕಾಲೇಜು ಹುಡುಗನ ಖಾತೆ, ಆರು ತಿಂಗಳು ಮಲಗಿತ್ತು. ಒಂದು ಬೆಳಗ್ಗೆ ಬೇರೆ ಬೇರೆ ರಾಜ್ಯಗಳಿಂದ ಒಂದೊಂದು ರೂಪಾಯಿ ಎರಡು ಸಲ ಬಂತು, ಖಾತೆ ಬದುಕಿದೆಯಾ ಅಂತ ನೋಡೋಕೆ. ಮಧ್ಯಾಹ್ನದಿಂದ ಸಾಲು ಸಾಲು ಯುಪಿಐ ಜಮೆ. ಪ್ರತಿಯೊಂದೂ ಬಂದ ಕೆಲವೇ ನಿಮಿಷದಲ್ಲಿ ಬೇರೆ ಖಾತೆಗೆ ಹೊರಟಿತು. ಸಂಜೆಗೆ ಬಾಕಿ ಮತ್ತೆ ಸೊನ್ನೆ. ಆ ಹುಡುಗ ನಾಲ್ಕು ಕಾಸಿನ ಆಸೆಗೆ ಪಾಸ್‌ಬುಕ್ಕು, ಸಿಮ್ಮು ಯಾರಿಗೋ ಬಾಡಿಗೆಗೆ ಕೊಟ್ಟಿದ್ದ. ಇದಕ್ಕೆ ಮ್ಯೂಲ್ ಖಾತೆ ಅಂತಾರೆ. ಆ ಜಮೆಗಳ ಹಿಂದೆ ಎಲ್ಲೋ ಒಬ್ಬ ನಿವೃತ್ತ ಮೇಷ್ಟ್ರು, ಎಲ್ಲೋ ಒಬ್ಬ ತಾಯಿ ಮೋಸಹೋಗಿ ಅಳುತ್ತಾ ಕೂತಿರ್ತಾರೆ. ಹಣ ಕೈ ಬದಲಾಯಿಸೋ ಮುಂಚೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಬಂದರೆ ತಡೆಯಬಹುದು, ತಡವಾದರೆ ಕಷ್ಟ.

ಇಂಥ ಕೆಲಸಕ್ಕೆ ಬೇಕಾದದ್ದು ಊರಿನ ಜ್ಞಾನ. 1999ರ ಮೇ ತಿಂಗಳಲ್ಲಿ ಕಾರ್ಗಿಲ್‌ನ ಬಟಾಲಿಕ್ ಕಡೆ ಕಳೆದುಹೋದ ಯಾಕ್ ಹುಡುಕುತ್ತಾ ಹೋದ ಕುರಿಗಾಹಿ ತಾಶಿ ನಮ್‌ಗ್ಯಾಲ್ ಬೆಟ್ಟದ ಮೇಲೆ ಅಪರಿಚಿತರು ಬಂಕರ್ ತೋಡುವುದನ್ನು ಕಂಡು ಸೇನೆಗೆ ತಿಳಿಸಿದರಲ್ಲ, ಅವರಿಗೆ ಆ ಬೆಟ್ಟ ಮಾಮೂಲಿಯಾಗಿ ಹೇಗಿರುತ್ತೆ ಅಂತ ಗೊತ್ತಿತ್ತು. ಅಷ್ಟೇ ಸಾಕಾಯ್ತು.

ಈಗ ವ್ಯತ್ಯಾಸಗಳು. ಇವನ್ನು ಗಟ್ಟಿಯಾಗಿ ಮನಸ್ಸಿಗೆ ತಂದುಕೊಳ್ಳಿ, ನಾನು ಮೊದಲ ವರ್ಷ ಇಲ್ಲೇ ಎಡವಿದ್ದು. ಅಲ್ಲಿ ಮೂಲವನ್ನು ಮುಚ್ಚಿಡಬೇಕು, ಇಲ್ಲಿ ಮೂಲವನ್ನು ತೋರಿಸಬೇಕು. ನಾಳೆ ಆಡಿಟರ್ ಬಂದು ಯಾವ ಆಧಾರದ ಮೇಲೆ ಹೀಗೆ ಬರೆದೆ ಅಂತ ಕೇಳಿದರೆ ಪ್ರತಿ ಸಾಲಿಗೂ ಕಾಗದ ಬೇಕು. "ನನಗೆ ಹಾಗನ್ನಿಸಿತು" ನಡೆಯೋಲ್ಲ. ಇನ್ನೊಂದು, ಇಲ್ಲಿ ಎದುರಿಗಿರೋದು ಶತ್ರುವಲ್ಲ, ಗ್ರಾಹಕ. ಅವನಿಗೆ ಹಕ್ಕುಗಳಿವೆ. ಅವನ ಬೀದಿಗೆ ಹೋಗಿ ಅಕ್ಕಪಕ್ಕದವರನ್ನು ವಿಚಾರಿಸುವ ಹಾಗಿಲ್ಲ.

ಕಾನೂನು ಸ್ವಲ್ಪ ಓದಿಕೊಳ್ಳಿ. 2002ರ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ, ಅದರ ಕೆಳಗಿನ ನಿಯಮಗಳು. 10 ಲಕ್ಷ ಮೀರಿದ ನಗದು ವ್ಯವಹಾರದ ವರದಿ ಬೇರೆ, ಅನುಮಾನದ ವರದಿ ಬೇರೆ. ಅನುಮಾನ ಖಚಿತವಾದ ಮೇಲೆ ಅದರ ವರದಿ ತಡಮಾಡದೆ ದೆಹಲಿಯ ಹಣಕಾಸು ಗುಪ್ತಚರ ಘಟಕ ಎಫ್‌ಐಯು-ಇಂಡ್‌ಗೆ ಹೋಗಬೇಕು. 2004ರಲ್ಲಿ ಸ್ಥಾಪನೆಯಾದ ಸಂಸ್ಥೆ ಅದು. ವರದಿ ಕಳಿಸಿದ್ದರ ಸುಳಿವು ಗ್ರಾಹಕನಿಗೆ ಕೊಡುವ ಹಾಗಿಲ್ಲ. ಬಾಯಿ ಬಿಗಿ ಹಿಡಿಯೋದನ್ನು ನಿಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಕಳಿಸಿದ ಮೇಲೆ ಏನಾಯ್ತು ಅಂತ ಸಾಮಾನ್ಯವಾಗಿ ನಮಗೆ ಗೊತ್ತಾಗೋಲ್ಲ. ಅದೂ ನಿಮಗೆ ಅಭ್ಯಾಸವೇ.

ವೇಮಗಲ್ ಹುಡುಗ

ಸರ್ ನಾನು ಅಗ್ನಿವೀರ್, ಇನ್ನು ಸ್ವಲ್ಪ ದಿನದಲ್ಲಿ ನಾಲ್ಕು ವರ್ಷ ಮುಗಿಯುತ್ತೆ. ಸೇನೆ ಉಳಿಸಿಕೊಳ್ಳೋ ಶೇ. 25ರಲ್ಲಿ ನನ್ನ ಹೆಸರು ಬರದಿದ್ರೆ ಸೇವಾನಿಧಿ 11.71 ಲಕ್ಷ ಸಿಗುತ್ತೆ, ಪಿಂಚಣಿ ಇಲ್ಲ. ಇಂಟೆಲಿಜೆನ್ಸ್ ಅಲ್ಲ ನಾನು, ಇನ್‌ಫೆಂಟ್ರಿ. ನನಗೂ ಈ ದಾರಿ ಐತಾ?

ಅಂತರಗಂಗೆ ಮೆಟ್ಟಿಲು

ಐತೆ ಕಂದ. ನಿನಗೆ ಇಪ್ಪತ್ತೆರಡೋ ಇಪ್ಪತ್ಮೂರೋ, ನಮಗಿಲ್ಲದ ಕಾಲ ನಿನ್ನ ಕೈಲಿದೆ. ಆ ದುಡ್ಡನ್ನು ಕಾರು, ಮದುವೆ ಅಂತ ಕರಗಿಸಬೇಡ. ಡಿಗ್ರಿ ಮುಗಿಸು. ಕೇಂದ್ರ ಪೊಲೀಸ್ ಪಡೆಗಳಲ್ಲಿ ಅಗ್ನಿವೀರರಿಗೆ ಶೇ. 10 ಮೀಸಲು ಅಂತ 2022ರಲ್ಲೇ ಘೋಷಣೆಯಾಗಿದೆ, ಅದನ್ನೂ ನೋಡು. ನಿನ್ನ ವಿಷಯಕ್ಕೆ ಬೇರೆಯೇ ಚರ್ಚೆ ಶುರು ಮಾಡು, ನಾವೆಲ್ಲ ಬರ್ತೀವಿ.

ನರಸಾಪುರ ಎಚ್‌ಆರ್

ನಾನು ನರಸಾಪುರ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನೇಮಕಾತಿ ನೋಡಿಕೊಳ್ಳುತ್ತೇನೆ. ಪಾಲಾರ್ ದಂಡೆ ಸರ್, ನಿಮ್ಮನ್ನು ಇಂಟರ್‌ವ್ಯೂ ಮಾಡಿದವರ ಮೇಜಿನ ಈ ಕಡೆಯಿಂದ ಬರೆಯುತ್ತಿದ್ದೇನೆ.

ಮಾಜಿ ಸೈನಿಕರ ರೆಸ್ಯೂಮೆ ಬಂದಾಗ ಎರಡು ತರಹ ಇರುತ್ತವೆ. ಒಂದರಲ್ಲಿ ಬರೀ ಸಂಕ್ಷಿಪ್ತ ಅಕ್ಷರಗಳು, ಕೋರ್ಸಿನ ಹೆಸರು, ಪದಕಗಳು. ಒಂದೂ ನಮಗೆ ಅರ್ಥವಾಗುವುದಿಲ್ಲ. ಇನ್ನೊಂದರಲ್ಲಿ "ಶಿಸ್ತು, ಪ್ರಾಮಾಣಿಕತೆ, ನಾಯಕತ್ವ" ಅಂತ ಮೂರು ಪದ. ಅದು ಎಲ್ಲರ ರೆಸ್ಯೂಮೆಯಲ್ಲೂ ಇದೆ. ನಮಗೆ ಬೇಕಾದದ್ದು, ಈ ಮನುಷ್ಯ ಸೋಮವಾರ ಬೆಳಗ್ಗೆ ಬಂದು ಕೂತರೆ ಏನು ಮಾಡಿಕೊಡಬಲ್ಲರು ಅನ್ನುವುದು.

ದೊಡ್ಡ ಕಂಪನಿಗಳಲ್ಲಿ ಈಗ ಉದ್ಯೋಗಿಗಳ ಪ್ರಯಾಣ, ಸರಕು ಸಾಗಣೆ, ಬಂದ್, ಮಳೆ, ಗಲಾಟೆ ಇದನ್ನೆಲ್ಲ ಹಗಲೂ ರಾತ್ರಿ ಗಮನಿಸುವ ಕೊಠಡಿಗಳಿವೆ. ಬೆಂಗಳೂರಿನಲ್ಲೇ ಹಲವಿವೆ. ಅಲ್ಲಿ ನಿಮ್ಮಂಥವರು ಬೇಕು. ಆದರೆ ನೀವು ಮಾಡಿದ ಹಳೇ ವರದಿ ತೋರಿಸಲಾರಿರಿ, ತೋರಿಸಲೂಬಾರದು. ಹಾಗಾದರೆ ಹೊಸದೊಂದು ಬರೆಯಿರಿ. ಎಲ್ಲರಿಗೂ ಸಿಗುವ ಮಾಹಿತಿ ಇಟ್ಟುಕೊಂಡು, ನಮ್ಮ ಜಿಲ್ಲೆಯ ಯಾವುದಾದರೂ ವಿಷಯದ ಮೇಲೆ ಒಂದೇ ಪುಟ. ಅದನ್ನು ಮೇಜಿನ ಮೇಲಿಡಿ. 24 ವರ್ಷ ಏನು ಮಾಡಿದಿರಿ ಅಂತ ಆಮೇಲೆ ಯಾರೂ ಕೇಳುವುದಿಲ್ಲ. ಲಿಂಕ್ಡ್‌ಇನ್‌ನಲ್ಲಿ ಮಿಲಿಟರಿ ಇಂಟೆಲಿಜೆನ್ಸ್ ಅಂತ ಸ್ಪಷ್ಟವಾಗಿ ಹಾಕಿ, ಹುಡುಕುವವರಿಗೆ ಸಿಗುತ್ತೀರಿ.

ಮುಳಬಾಗಿಲು ಸುಬೇದಾರ್

ನರಸಾಪುರದ ಅಮ್ಮಾ, ನೀವು ಹೇಳಿದ ಒಂದು ಪುಟದ ಮಾತು ಚಿನ್ನದಂಥದ್ದು. ಆದರೆ ಕೊನೆಯ ಸಾಲನ್ನು ನಾನು ಒಪ್ಪುವುದಿಲ್ಲ. ಲೋಕವೆಲ್ಲ ನೋಡುವ ಜಾಗದಲ್ಲಿ ಆ ಎರಡು ಪದ ಹಾಕಬಾರದು.

2017ರ ಡಿಸೆಂಬರ್‌ನಲ್ಲಿ ಜರ್ಮನಿಯ ಗುಪ್ತಚರ ಇಲಾಖೆ ಬಹಿರಂಗವಾಗಿಯೇ ಹೇಳಿತು: ಲಿಂಕ್ಡ್‌ಇನ್‌ನಲ್ಲಿ ಸುಳ್ಳು ಹೆಸರಿನ ಖಾತೆಗಳಿಂದ ಚೀನಾ ಕಡೆಯವರು 10,000ಕ್ಕೂ ಹೆಚ್ಚು ಜರ್ಮನ್ನರನ್ನು ಸಂಪರ್ಕಿಸಿದ್ದಾರೆ ಎಂದು. ಕೆಲಸ ಕೊಡುವವರ ವೇಷ, ಸಲಹೆಗಾರರ ವೇಷ. 2020ರ ಜುಲೈಯಲ್ಲಿ ನಮ್ಮ ಸೇನೆ 89 ಆ್ಯಪ್‌ಗಳನ್ನು ಫೋನಿನಿಂದ ತೆಗೆಯಿರಿ ಎಂದು ಹೇಳಿದ್ದೂ ಸುಮ್ಮನೆ ಅಲ್ಲ. ನಿವೃತ್ತನಾದ, ಕೆಲಸ ಹುಡುಕುತ್ತಿರುವ, ಮಗಳ ಓದಿಗೆ ಹಣ ಬೇಕಾದ ಮನುಷ್ಯ ಅವರಿಗೆ ಸುಲಭದ ತುತ್ತು. ಮೊದಲು ಸಣ್ಣ ಲೇಖನ ಬರೆದುಕೊಡಿ, ಒಳ್ಳೆ ದುಡ್ಡು ಕೊಡುತ್ತೇವೆ ಅನ್ನುತ್ತಾರೆ. ಆಮೇಲೆ "ನಿಮ್ಮ ಸ್ವಂತ ಅನುಭವದಿಂದ ಸ್ವಲ್ಪ ಸೇರಿಸಿ" ಅನ್ನುತ್ತಾರೆ. ಆ ಸಾಲು ಬಂದ ಕ್ಷಣ ಫೋನ್ ಕೆಳಗಿಡಿ, ನಿಮ್ಮ ಹಳೆಯ ಘಟಕಕ್ಕೋ ಪೊಲೀಸರಿಗೋ ತಿಳಿಸಿ.

1923ರ ಅಧಿಕೃತ ರಹಸ್ಯ ಕಾಯ್ದೆ ಡಿಸ್ಚಾರ್ಜ್ ಬುಕ್ ಕೈಗೆ ಬಂದ ದಿನ ಮುಗಿಯುವುದಿಲ್ಲ. ಸರ್ಕಾರದ ಹುದ್ದೆಯಲ್ಲಿ ಇರುವವರು ಮಾತ್ರವಲ್ಲ, ಇದ್ದವರೂ 5ನೇ ಕಲಮಿನೊಳಗೆ ಬರುತ್ತಾರೆ. ಪುಸ್ತಕದಲ್ಲಿ ಅಚ್ಚಾಗಿರುವಷ್ಟು ಹೇಳಿ: ಸೇನೆ, ಕೋರ್, ದರ್ಜೆ, ವರ್ಷ. ಜಾಗ, ಉಪಕರಣ, ಜನ, ಘಟನೆ ಬೇಡ.

ಇನ್ನೊಂದು ಮಾತು. ಡಿಟೆಕ್ಟಿವ್ ಏಜೆನ್ಸಿಗಳು ನಮ್ಮವರನ್ನು ಕರೆಯುತ್ತವೆ. ಮದುವೆಗೆ ಮುಂಚೆ ಗಂಡಿನ ಬಗ್ಗೆ ವಿಚಾರಿಸುವುದು, ಉದ್ಯೋಗಿಯ ಹಿನ್ನೆಲೆ ನೋಡುವುದು, ಅಷ್ಟಾದರೆ ಅಡ್ಡಿಯಿಲ್ಲ. ಆದರೆ ಯಾರದೋ ಫೋನಿನ ಕರೆ ವಿವರ ಕದ್ದು ತೆಗೆಸಿಕೊಡಿ ಅಂದರೆ ಅದು ಅಪರಾಧ. ಕರೆ ವಿವರ ಕದ್ದು ಮಾರಿದ ಪ್ರಕರಣದಲ್ಲಿ 2018ರಲ್ಲಿ ಮಹಾರಾಷ್ಟ್ರದ ಥಾಣೆ ನಗರದ ಪೊಲೀಸರು ಖಾಸಗಿ ಪತ್ತೇದಾರರನ್ನು ಬಂಧಿಸಿದ್ದರು. ಸಮವಸ್ತ್ರದಲ್ಲಿದ್ದಾಗ ನಮ್ಮ ಹಿಂದೆ ಕಾನೂನಿನ ಬಲ ಇತ್ತು. ಈಗ ಇಲ್ಲ. ಈಗ ನಾವು ಸಾಮಾನ್ಯ ಪ್ರಜೆಗಳು.

ನರಸಾಪುರ ಎಚ್‌ಆರ್

ಸುಬೇದಾರ್ ಸಾಹೇಬರೇ, ಆ ಕಡೆಯಿಂದ ನಾನು ಯೋಚಿಸಿರಲಿಲ್ಲ. ನನ್ನ ಮಾತು ಹಿಂತೆಗೆದುಕೊಳ್ಳುತ್ತೇನೆ. ಬಹಿರಂಗವಾಗಿ "ಭಾರತೀಯ ಸೇನೆ, 24 ವರ್ಷ, ಮಾಹಿತಿ ವಿಶ್ಲೇಷಣೆ" ಸಾಕು. ಕೋರ್ ಹೆಸರು ಕೈಗೆ ಕೊಡುವ ರೆಸ್ಯೂಮೆಯಲ್ಲಿ ಇರಲಿ.

ಮಾಲೂರಿನ ಮನೆಯಾಕೆ

ನಾನು ಕೆಲಸಕ್ಕೆ ಸೇರಿದವಳಲ್ಲ, ಆದರೂ ಒಂದು ಮಾತು ಹೇಳಲೇಬೇಕು ಅನ್ನಿಸ್ತು. ನಮ್ಮ ಯಜಮಾನ್ರೂ ಇದೇ ಇಲಾಖೆಯಿಂದ ಬಂದೋರು. ಇಪ್ಪತ್ತು ವರ್ಷ ಎಲ್ಲಿದ್ದೀರಿ ಅಂತ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಅದಕ್ಕೆ ಹೊಂದಿಕೊಂಡಿದ್ದೆ.

ಊರಿಗೆ ಬಂದ ಮೇಲೆ ಸಂಜೆ ಆದರೆ ಗೇಟಿನ ಹತ್ತಿರ ಕುರ್ಚಿ ಹಾಕ್ಕೊಂಡು ಕೂರೋರು. ಒಂದು ದಿನ ಬಟ್ಟೆ ಒಗೆಯೋಕೆ ಹಾಕುವಾಗ ಅಂಗಿ ಜೇಬಲ್ಲಿ ಸಣ್ಣ ನೋಟ್‌ಬುಕ್ ಸಿಕ್ಕಿತು. ನಮ್ಮ ಬೀದಿಗೆ ಬಂದ ಗಾಡಿಗಳ ನಂಬರು, ಹೊತ್ತು, ಯಾರ ಮನೆ ಮುಂದೆ ಎಷ್ಟು ನಿಮಿಷ ನಿಂತಿತ್ತು. ಹಾಲಿನವನು, ಗ್ಯಾಸಿನವನು, ಟ್ಯೂಷನ್ ಮಕ್ಕಳು. ಪುಟಗಟ್ಟಲೆ, ಮುದ್ದಾದ ಅಕ್ಷರದಲ್ಲಿ. ಓದ್ತಾ ಓದ್ತಾ ನನಗೆ ಅಳು ಬಂತು. ಅಷ್ಟು ಶ್ರದ್ಧೆಯಿಂದ ಬರೆದ ವರದಿ, ಓದೋರು ಯಾರೂ ಇಲ್ಲ.

ನಾನೇನೂ ಕೇಳಲಿಲ್ಲ. ಪಕ್ಕದಲ್ಲಿ ಕೂತು, ಇವತ್ತು ಏನು ನೋಡಿದ್ರಿ ಹೇಳಿ ಅಂದೆ. ಮೊದಲ ದಿನ ಬಾಯಿ ಬಿಡಲಿಲ್ಲ. ನಾಲ್ಕನೇ ದಿನ ಶುರು ಮಾಡಿದ್ರು. ಮೂರನೇ ಮನೆ ಅಜ್ಜಿ ಎರಡು ದಿನದಿಂದ ಹೊರಗೆ ಬಂದಿಲ್ಲ, ಹಾಲಿನ ಪ್ಯಾಕೆಟ್ಟು ಗೇಟಲ್ಲೇ ಐತೆ ಅಂದ್ರು. ಹೋಗಿ ನೋಡಿದ್ರೆ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರ್ಕೊಂಡಿದ್ರು. ಆಸ್ಪತ್ರೆಗೆ ಸೇರಿಸಿ ಉಳಿಸ್ಕೊಂಡ್ವಿ. ಈಗ ಅವರು ಒಂದು ಆಸ್ಪತ್ರೆಯಲ್ಲಿ ಸುರಕ್ಷತೆ ವಿಭಾಗ ನೋಡ್ಕೊಳ್ತಾರೆ. ಕೆಲಸ ಸಿಗೋಕೆ ಮುಂಚೆ ಮಾತು ವಾಪಸ್ ಬಂತು, ನನಗೆ ಅದೇ ದೊಡ್ಡದು. ಅಣ್ಣಾ, ನಿಮ್ಮ ಮನೆಯಲ್ಲೂ ಒಬ್ಬರು ಕೇಳೋಕೆ ಕಾಯ್ತಾ ಇರ್ತಾರೆ. ಹೇಳಬಾರದ್ದು ಬೇಡ. ಇವತ್ತು ಕಂಡದ್ದು ಹೇಳಿ.

ಪಾಲಾರ್ ದಂಡೆ

ಅಮ್ಮಾ, ನಿಮ್ಮ ಬರಹವನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. ಅವಳು ಸುಮ್ಮನೆ ಎದ್ದು ಹೋಗಿ ಎರಡು ಲೋಟ ಕಾಫಿ ತಂದು ಎದುರಿಗೆ ಕೂತಳು.

ಪಾಲಾರ್ ದಂಡೆ (ಎರಡೂವರೆ ತಿಂಗಳ ನಂತರ)

ಎಲ್ಲರಿಗೂ ವಿಷಯ ತಿಳಿಸಬೇಕಿತ್ತು, ತಡವಾಯ್ತು.

ನರಸಾಪುರದ ಮೇಡಂ ಹೇಳಿದ ಒಂದು ಪುಟ ಬರೆದೆ. ವಿಷಯ ನಮ್ಮೂರಿನ ಮಗ್ಗುಲಲ್ಲೇ ಇತ್ತು: ಚೆನ್ನೈ ಬಂದರಿನಿಂದ ನರಸಾಪುರಕ್ಕೆ ಬರುವ ಕಂಟೇನರ್‌ಗಳಿಗೆ ದಾರಿಯಲ್ಲಿ ತೊಡಕಾದರೆ ಏನು ಮಾಡಬೇಕು. ಮುಳಬಾಗಿಲಿನ ಮೇಲೆ ಬರುವ ಹಳೇ ಹೆದ್ದಾರಿ ಒಂದು. ಕೃಷ್ಣಗಿರಿ, ಹೊಸೂರಿನ ದಾರಿ ಇನ್ನೊಂದು. ಹೊಸಕೋಟೆಯಿಂದ ಬೇತಮಂಗಲದ ಕಡೆಗೆ 2024ರ ಕೊನೆಯಲ್ಲಿ ವಾಹನಗಳಿಗೆ ಬಿಟ್ಟ ಎಕ್ಸ್‌ಪ್ರೆಸ್‌ವೇ ತುಂಡು ಮೂರನೆಯದು.

ನಾಲ್ಕು ದಿನ ಓಡಾಡಿದೆ. ಮುಳಬಾಗಿಲಿನ ಆಚೆ ಒಂದು ಟೀ ಅಂಗಡಿಯಲ್ಲಿ ಬೆಳಗ್ಗೆ ಐದರಿಂದ ಏಳರವರೆಗೆ ಕೂತು ಕಂಟೇನರ್ ಲಾರಿ ಎಣಿಸಿದೆ. ಡ್ರೈವರ್‌ಗಳ ಜೊತೆ ಮಾತಾಡಿದೆ. ಒಬ್ಬರು ಮಳೆ ಬಂದರೆ ಇಂಥ ಜಾಗದಲ್ಲಿ ನೀರು ನಿಲ್ಲುತ್ತೆ ಅಂದರು. ಇಬ್ಬರು ಇಲ್ಲ ಅಂದರು. ಮೊದಲಿನವರು ಹದಿನೆಂಟು ವರ್ಷದಿಂದ ಅದೇ ದಾರಿಯಲ್ಲಿ ಓಡಿಸ್ತಿರೋರು, ಆ ಇಬ್ಬರು ಹೊಸಬರು. ಆದರೂ ಹಿರಿಯರ ಮಾತನ್ನು ಹಾಗೇ ಬರೆಯಲಿಲ್ಲ. ಹೋಗಿ ನೋಡಿದೆ. ಮೋರಿಯ ಗೋಡೆಯ ಮೇಲೆ ನನ್ನ ಮೊಣಕಾಲಿನ ಎತ್ತರಕ್ಕೆ ಕೆಸರಿನ ಗೆರೆ ಇತ್ತು.

ಪುಟವನ್ನು ಮೂರು ಭಾಗ ಮಾಡಿದೆ. ಕಂಡದ್ದು, ಕೇಳಿದ್ದು, ನನ್ನ ಅಂದಾಜು. ಒಂದರದ್ದು ಇನ್ನೊಂದರಲ್ಲಿ ಬೆರೆಯದ ಹಾಗೆ. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ಚೆನ್ನೈ ಮುಳುಗಿದ್ದನ್ನು ಪತ್ರಿಕೆಗಳಿಂದ ತೆಗೆದುಕೊಂಡೆ. ಹಾಗಾಗಿ ವರ್ಷದ ಕೊನೆಯ ಮೂರು ತಿಂಗಳು ಬಿಡಿಭಾಗಗಳ ದಾಸ್ತಾನು ಹೆಚ್ಚಿಡುವುದು ಒಳ್ಳೆಯದು ಅಂತ ಕೊನೆಯಲ್ಲಿ ಒಂದು ಸಲಹೆ. ಮಗಳು ಟೈಪ್ ಮಾಡಿಕೊಟ್ಟಳು. ಟೈಪ್ ಮಾಡ್ತಾ, "ಅಪ್ಪಾ, ನೀನು ಮಾಡ್ತಿದ್ದ ಕೆಲಸ ಇದಾ?" ಅಂದಳು. ಇದೇ ತರಹದ್ದು ಅಂದೆ. ಇಷ್ಟು ವರ್ಷದಲ್ಲಿ ಅವಳಿಗೆ ನಾನು ಕೊಟ್ಟ ಮೊದಲ ಉತ್ತರ ಅದು.

ಸರಕು ಸಾಗಣೆಯನ್ನು ಗಮನಿಸುವ ಒಂದು ಕಂಪನಿಯಲ್ಲಿ ಕರೆದಿದ್ದರು. ಇಬ್ಬರಿದ್ದರು. ಪುಟ ಮುಂದಿಟ್ಟೆ. ಒಬ್ಬರು ಓದಿ, ಮೋರಿಯ ಸಾಲಿಗೆ ಬೆರಳಿಟ್ಟು, "ಇದು ಮ್ಯಾಪಿನಲ್ಲಿ ಇಲ್ಲವಲ್ಲ?" ಅಂದರು. ನೋಡಿ ಬಂದೆ ಸರ್ ಅಂದೆ. ಮುಕ್ಕಾಲು ಗಂಟೆ ಅದರ ಮೇಲೇ ಮಾತಾಯ್ತು. ಸೇನೆಯಲ್ಲಿ ಎಲ್ಲಿದ್ದಿರಿ ಅಂತ ಕೇಳಲೇ ಇಲ್ಲ.

ಕೆಲಸ ಸಿಕ್ಕಿದೆ. ಆರು ತಿಂಗಳು ಪರೀಕ್ಷಾವಧಿ. ಸಂಬಳ ಆ ಗೇಟ್ ಕೆಲಸಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ, ತೃಪ್ತಿ ಇದೆ. ಎಕ್ಸೆಲ್ ನನಗಿನ್ನೂ ಸರಿಯಾಗಿ ಬರೋಲ್ಲ, ರಾತ್ರಿ ಮಗನ ಹತ್ತಿರ ಹೇಳಿಸಿಕೊಳ್ತಿದ್ದೀನಿ. ಬ್ಯಾಂಕ್ ಪರೀಕ್ಷೆಗೂ ಅರ್ಜಿ ಹಾಕಿದ್ದೇನೆ. ಅರ್ಜಿಗಳ ತಾರೀಖು ಬರೆದು ಫೈಲಿನಲ್ಲಿ ಇಟ್ಟಿದ್ದೇನೆ, ಕ್ಲಾಕ್ ಟವರ್ ಅವರೇ.

ಬಂಗಾರಪೇಟೆ ಸಿಗ್ನಲ್ಸ್, ಸೋಮವಾರದಿಂದ ನನ್ನದೂ ವೈಟ್‌ಫೀಲ್ಡ್. ರೈಲಿಗೆ ತಿಂಗಳ ಪಾಸ್ ಮಾಡಿಸಿದ್ದೇನೆ. ನಿಮ್ಮ ಬೋಗಿ ಯಾವುದು?

ಬಂಗಾರಪೇಟೆ ಸಿಗ್ನಲ್ಸ್

ಹಿಂದಿನಿಂದ ಮೂರನೇದು ಅಣ್ಣಾ. ಎಡಗಡೆ ಕಿಟಕಿ. ಈ ವಾರ ನನ್ನದು ಹಗಲು ಪಾಳಿ, ಜಾಗ ಹಿಡಿದಿರ್ತೀನಿ. ತಿಂಡಿ ತರಬೇಡಿ, ನಮ್ಮ ಮನೇಲಿ ಇಬ್ಬರಿಗೂ ಕಟ್ಟಿಕೊಡ್ತಾರಂತೆ.